ಉಗುರಿನಷ್ಟು ಪೆನ್ ಡ್ರೈವ್, ಮೂವತ್ತೊಂದು ಚಾಪೆ

ಟೊಂಗೊವಾ ದ್ವೀಪದ ಪಂಗೋನಾ ಊರಿನಲ್ಲಿ ಲೇಮೌರಿಯನ್ನು ಎದುರಿಗೆ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ ಆಕೆ ‘ಇಲ್ಲಮ್ಮ’. ಮಾತು ಬಂದಾಗಿನಿಂದ ಆ ಬಾಯಿಂದ ಮೊದಲು ಹೊರಡುವುದು ‘ಇಲ್ಲ’ ಎಂಬುದೇ ಎಂದು ಊರವರ ದೂರು. ಆರನೆಯ ತರಗತಿಗೆ ಶಾಲೆ ಬಿಡಿಸಿಕೊಂಡು ಹೋಗಲು ಅಪ್ಪ ಬಂದಾಗ ಹುಡುಗಿ ಬೆಂಚನ್ನು ತಬ್ಬಿಕೊಂಡು "ಇಲ್ಲ" ಎಂದಿದ್ದಳು. ಬೆಂಚಿನ ಸಮೇತ ಹೊರಗೆ ಎತ್ತಿಕೊಂಡು ಬರಬೇಕಾಯಿತು. ಮದುವೆಗೆ ಬಂದ ಮೊದಲ ಇಬ್ಬರಿಗೂ ಅದೇ ಉತ್ತರ. ಮೂರನೆಯವನು ಏನನ್ನೂ ಕೇಳದೆ ಅವಳ ತಾಯಿಯ ತೋಟದಲ್ಲಿ ಒಂದು ವಾರ ಹೆಗ್ಗೆಣಸಿನ ಗುಂಡಿ ತೋಡಿಕೊಟ್ಟು ಹೋದ. ಅವನನ್ನು ತಾನೇ ಹೋಗಿ ಕರೆದುಕೊಂಡು ಬಂದಳು. ಈಗ ಆ ಗಂಡ ವರ್ಷದ ಏಳು ತಿಂಗಳು ಆಸ್ಟ್ರೇಲಿಯಾದ ತೋಟಗಳಲ್ಲಿ ಹಣ್ಣು ಕೀಳುತ್ತಾನೆ. ಲೇಮೌರಿಗೆ ಐವತ್ತು ದಾಟಿದೆ. ಅವಳ ಕೈಯ ಚಾಪೆಗೆ ದ್ವೀಪದಲ್ಲೆಲ್ಲ ಹೆಸರಿದೆ. ಕೇದಗೆಯ ಗರಿಯನ್ನು ಅವಳಷ್ಟು ಸಣ್ಣಗೆ ಸೀಳುವವರು ಇನ್ನೊಬ್ಬರಿಲ್ಲ.

ಊರಿಗೆ ಒಂದು ಟ್ಯಾಬ್ ಬಂದದ್ದು ದೊಡ್ಡ ಚಂಡಮಾರುತ ಕಳೆದ ಮರುವರ್ಷ. ಹಳೆಯ ಮಾತುಗಳನ್ನು ಉಳಿಸುವ ಯಾವುದೋ ಯೋಜನೆಯವರು ವಿಲಾ ಪಟ್ಟಣದಿಂದ ಬಂದು ಊರಿಗೊಂದರಂತೆ ಕೊಟ್ಟುಹೋದರು. ಎರಡು ಅಂಗೈ ಜೋಡಿಸಿದಷ್ಟು ಅಗಲದ ಕಂಪ್ಯೂಟರು. ಸುತ್ತಲೂ ನೀಲಿ ರಬ್ಬರಿನ ಕವಚ. ಮುದುಕರು ಮಾತಾಡುವಾಗ ಎದುರಿಗೆ ಹಿಡಿದರೆ ಮುಖವೂ ಧ್ವನಿಯೂ ಅದರೊಳಗೆ ಉಳಿಯುತ್ತಿತ್ತು. ಊರ ಯಜಮಾನ ಕಲ್ತಾಪೌ ಅದನ್ನು ಗೌರವದಿಂದ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ಮೂರು ತಿಂಗಳು ಅದು ಪೆಟ್ಟಿಗೆಯಲ್ಲೇ ಮಲಗಿತ್ತು.

ಲೇಮೌರಿ ಒಂದು ದಿನ ಅವನ ಅಂಗಳಕ್ಕೆ ಹೋಗಿ ನಿಂತಳು. ಇಬ್ಬರದೂ ಒಂದೇ ಬಳಿ, ಅಂದರೆ ಒಂದೇ ಕುಲ; ಕಡಲಿನ ಎಂಟು ಕಾಲಿನ ಅಷ್ಟಪದಿಯ ಬಳಿ. ಆ ದ್ವೀಪದಲ್ಲಿ ಬಳಿ ಬರುವುದು ತಾಯಿಯಿಂದ. ಆ ಲೆಕ್ಕದಲ್ಲಿ ಕಲ್ತಾಪೌ ಅವಳಿಗೆ ಸೋದರಮಾವ.

"ಮಾವ, ಪೆಟ್ಟಿಗೆ ಏನಾದ್ರೂ ಮಾತಾಡ್ತಾ?"

"ಏನು ಹಾಗಂದ್ರೆ?"

"ಅಲ್ಲ, ಮುದುಕರ ಮಾತು ಹಿಡಿದಿಡಕ್ಕೆ ಅಂತ ಕೊಟ್ರು. ನೀವು ಅದನ್ನ ಪೆಟ್ಟಿಗೇಲಿ ಇಟ್ಟಿದೀರಿ. ಒಳಗೆ ಜಿರಳೆ ಮಾತಾಡಿದ್ರೆ ಅದೂ ಉಳೀತದೆ."

ಕಲ್ತಾಪೌಗೆ ನಗು ಬಂತು. "ತಗೊಂಡು ಹೋಗು, ಮಾರಾಯ್ತಿ. ನಿನ್ನ ಹತ್ರ ಮಾತಾಡಿ ಗೆದ್ದವರು ಯಾರಿದಾರೆ. ನೀರಿಗೆ ಬೀಳಿಸಬೇಡ, ಅಷ್ಟೇ."

ಅವಳು ನೀರಿಗೆ ಬೀಳಿಸಲಿಲ್ಲ. ದವಾಖಾನೆಯ ಸೋಲಾರ್ ಹಲಗೆಯಿಂದ ಚಾರ್ಜ್ ಮಾಡಿಕೊಂಡು, ಮಧ್ಯಾಹ್ನ ಹೆಂಗಸರು ಚಾಪೆ ಹೆಣೆಯುವ ಚಪ್ಪರಕ್ಕೆ ಒಯ್ದು, ಒಂದು ತೆಂಗಿನ ಚಿಪ್ಪಿಗೆ ಒರಗಿಸಿ ನಿಲ್ಲಿಸುತ್ತಿದ್ದಳು. ಎದುರಿಗೆ ಯಂತ್ರ ಇದೆಯೆಂದು ಮೊದಲ ದಿನ ಎಲ್ಲರೂ ಚರ್ಚಿನಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಎರಡನೆಯ ದಿನಕ್ಕೆ ಮರೆತರು. ಆಮೇಲೆ ಮಾತು ಬಂತು. ಯಾವ ಕಾಡುಬಳ್ಳಿ ಯಾವ ಹೊಟ್ಟೆನೋವಿಗೆ, ಯಾರ ಅಜ್ಜಿ ಯಾವ ದ್ವೀಪದಿಂದ ಮದುವೆಯಾಗಿ ಬಂದಳು, ಯಾವ ಬಳಿಯವರು ಯಾವ ಬಳಿಯವರನ್ನು ಮದುವೆಯಾಗಬಾರದು, ಆದರೂ ಆದವರು ಯಾರು, ಎಲ್ಲ. ಮಧ್ಯೆ ಕೋಳಿ ಕೂಗುತ್ತಿತ್ತು, ಮಗು ಅಳುತ್ತಿತ್ತು. ಅದೆಲ್ಲ ಸೇರಿ ಒಳಗೆ ಹೋಯಿತು.

ಎಲ್ಲರಿಗಿಂತ ಹೆಚ್ಚು ಹೇಳಿದ್ದು ಬುಬು ಲೇನಾವಿ. ಬುಬು ಎಂದರೆ ಅಜ್ಜಿ. ಯಜಮಾನ ಕಲ್ತಾಪೌನ ತಾಯಿ, ಎಂಬತ್ತೆಂಟರ ಮುದುಕಿ, ಇಡೀ ಊರಿಗೇ ಬುಬು. ಹಳೆಯ ಜ್ವಾಲಾಮುಖಿ ಸಿಡಿದು ದ್ವೀಪ ಖಾಲಿಯಾದ ಮೇಲೆ ಮೊದಲ ದೋಣಿ ಮರಳಿ ಬಂದ ಕಥೆ ಅವಳ ಹತ್ತಿರ ಒಂದು ಬೇರೆಯೇ ರೀತಿ ಇತ್ತು. ನಕಮಾಲ್‌ನಲ್ಲಿ, ಅಂದರೆ ಗಂಡಸರು ಸೇರುವ ಊರ ಕಟ್ಟೆಮನೆಯಲ್ಲಿ, ಹೇಳುವ ಕಥೆಯ ಪ್ರಕಾರ ಆ ದೋಣಿಯಿಂದ ಮೊದಲು ಇಳಿದವನು ಯಜಮಾನರ ಮೂಲಪುರುಷ. ಬುಬು ಲೇನಾವಿ ಇದ್ದ ನಾಲ್ಕು ಹಲ್ಲು ತೋರಿಸಿ ನಕ್ಕಳು.

"ಅವನು ಎಲ್ಲಿಂದ ಇಳೀತಾನೆ? ಆ ಕಪ್ಪು ಮರಳಿನ ಅಲೆ ನೋಡಿ ಗಂಡಸರೆಲ್ಲ ದೋಣಿ ಅಂಚು ಹಿಡ್ಕೊಂಡು ಕೂತಿದ್ರು. ಮೊದಲು ಇಳಿದೋಳು ಹೆಣ್ಣು. ತಲೆ ಮೇಲೆ ಬಿತ್ತನೆ ಗೆಣಸಿನ ಬುಟ್ಟಿ. ಸೊಂಟದ ತನಕ ನೀರು. ತಿರುಗಿ ನೋಡಿ, ‘ಬರ್ತೀರೋ, ಅಲ್ಲೇ ಮೊಟ್ಟೆ ಇಡ್ತೀರೋ’ ಅಂದಳು. ಅವಳು ನೆಟ್ಟ ಗೆಣಸನ್ನೇ ನಾವು ಇವತ್ತಿಗೂ ತಿಂತಿರೋದು."

ಚಪ್ಪರವೆಲ್ಲ ನಕ್ಕಿತು. ಲೇಮೌರಿಯ ನಾದಿನಿ ಡೋರ್ಕಾಸ್ ನಕ್ಕೂ ನಕ್ಕೂ ತನ್ನ ಚಾಪೆಯ ಅಂಚನ್ನೇ ತಪ್ಪು ಹೆಣೆದಳು.

ಹೀಗೆ ಅರವತ್ತಮೂರು ತುಣುಕು ಸೇರುವ ಹೊತ್ತಿಗೆ ಒಂದು ದಿನ ಟ್ಯಾಬಿನ ಮುಖದ ಮೇಲೆ ಜಾಗವಿಲ್ಲ ಎಂಬ ಬರಹ ಮೂಡಿತು. ಅದೇ ವಾರ ಯೋಜನೆಯ ಅಧಿಕಾರಿ ಅಬೆದ್ನೆಗೊ ವಿಲಾದಿಂದ ವಿಮಾನದಲ್ಲಿ ಬಂದಿಳಿದ. ಹತ್ತು ದಿನದಲ್ಲಿ ಹೊಸ ಗೆಣಸಿನ ಹಬ್ಬ. ನಾಲ್ಕು ಊರುಗಳ ಯಜಮಾನರು ಬಂದು ಭಾಷಣ ಮಾಡುವವರಿದ್ದರು. ಅದನ್ನು ಪೂರ್ತಿ ಹಿಡಿದಿಡಬೇಕೆಂದು ಹೇಳಲು ಬಂದವನು, ಟ್ಯಾಬನ್ನು ತೆರೆದು ಪಟ್ಟಿಯ ಮೇಲೆ ಬೆರಳಾಡಿಸಿದ.

"ಇದೇನಮ್ಮ ಇದು? ‘ಅಂಚು ಹೆಣೆಯುವಾಗ ಒಂದು’, ‘ಅಂಚು ಹೆಣೆಯುವಾಗ ಎರಡು’, ‘ಲಪ್‌ಲಪ್ ಕಡುಬು ಬೇಯುವ ತನಕ’... ಇದನ್ನೆಲ್ಲ ಅಳಿಸಿ. ಜಾಗ ಆಗತ್ತೆ."

"ಇಲ್ಲ," ಎಂದಳು ಲೇಮೌರಿ.

"ನೋಡಿ, ಯಜಮಾನರ ಭಾಷಣ ಮುಖ್ಯ. ಇದು ಹೆಂಗಸರ ಹರಟೆ."

"ಕೇಳಿ ಹೇಳ್ತಿದೀರೋ, ಕೇಳದೇನೇ ಹೇಳ್ತಿದೀರೋ?"

"ಹೆಸರು ನೋಡಿದ್ರೇ ಗೊತ್ತಾಗತ್ತಲ್ಲ."

"ನಿಮ್ಮ ಹೆಸರು ನೋಡಿದ್ರೆ ಬೆಂಕಿಗೆ ಹಾಕಿದ್ರೂ ಸುಡದ ಮನುಷ್ಯ ಅಂತ ಗೊತ್ತಾಗತ್ತೆ. ಪರೀಕ್ಷೆ ಮಾಡೋಣ್ವಾ?" ಎಂದು ಡೋರ್ಕಾಸ್ ಮೂಲೆಯಿಂದ ಕೇಳಿದಳು. ಬೈಬಲಿನ ಅಬೆದ್ನೆಗೊನ ಕಥೆ ಓದಿದ ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ಅಬೆದ್ನೆಗೊನ ಕಿವಿ ಕೆಂಪಾಯಿತು. ಹಬ್ಬದೊಳಗೆ ಜಾಗ ಆಗಿರಬೇಕು, ಇಲ್ಲದಿದ್ದರೆ ಟ್ಯಾಬ್ ವಾಪಸ್ ಎಂದು ಹೇಳಿ ಹೊರಟುಹೋದ.

ಲೇಮೌರಿ ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹೋಗಿ ತಂಗಿಯ ಮಗಳು ಯೂನಿಸ್‌ಗೆ ಫೋನ್ ಮಾಡಿದಳು. ಯೂನಿಸ್ ವಿಲಾದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

"ದೊಡ್ಡಮ್ಮ, ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಂಡೆ? ಪುಟ್ಟ ಪೆನ್ ಡ್ರೈವ್ ಬರತ್ತೆ. ಉಗುರಿನಷ್ಟು. ಚಾರ್ಜರ್ ಚುಚ್ಚೋ ತೂತಿಗೇ ಚುಚ್ಚು. ಇರೋದನ್ನೆಲ್ಲ ಅದಕ್ಕೆ ಸಾಗಿಸು, ಟ್ಯಾಬ್ ಖಾಲಿ."

"ನಿನ್ನ ಉಗುರಿನಷ್ಟೋ, ನನ್ನ ಉಗುರಿನಷ್ಟೋ?"

"ನಿನ್ನದರಲ್ಲಿ ಎರಡು ಹಿಡೀತವೆ!"

ನಾಲ್ಕನೆಯ ದಿನದ ವಿಮಾನದಲ್ಲಿ ಅದು ಒಂದು ಬೆಂಕಿಪೊಟ್ಟಣದೊಳಗೆ ಹತ್ತಿಯಲ್ಲಿ ಸುತ್ತಿಕೊಂಡು ಬಂತು. ಮೇಲೆ ಬರೆದ ಸಂಖ್ಯೆಯ ಪ್ರಕಾರ ಟ್ಯಾಬಿನಲ್ಲಿ ಇರುವುದಕ್ಕಿಂತ ನಾಲ್ಕು ಪಟ್ಟು ಜಾಗ. ಲೇಮೌರಿ ಕೈ ತೊಳೆದುಕೊಂಡು, ಒರೆಸಿಕೊಂಡು ಚುಚ್ಚಿದಳು. ಒಂದೊಂದಾಗಿ ಅರವತ್ತಮೂರೂ ದಾಟಿದವು. ಪಟ್ಟಿ ನೋಡಿದಳು, ಎಲ್ಲ ಹೆಸರೂ ಇದ್ದವು. ಮೊದಲಿನ ಮೂರನ್ನು ತೆರೆದು ನೋಡಿದಳು. ಮುಖ ಬಂತು, ಧ್ವನಿ ಬಂತು, ಕೋಳಿಯೂ ಕೂಗಿತು. ಆಮೇಲೆ ಟ್ಯಾಬಿನಲ್ಲಿದ್ದುದನ್ನು ಅಳಿಸಿದಳು.

ಹಬ್ಬ ಆಯಿತು. ನಾಲ್ವರು ಯಜಮಾನರ ಭಾಷಣವನ್ನೂ ಬಿಸಿಲಲ್ಲಿ ನಿಂತು ಹಿಡಿದಳು. ಕಲ್ತಾಪೌ ಮಾತಿನ ಮಧ್ಯೆ ಎರಡು ಸಲ ಟ್ಯಾಬ್ ಕಡೆ ನೋಡಿ ಎದೆ ಸೆಟೆಸಿದ. ಎಲ್ಲರೂ ಸಂತೋಷವಾಗಿದ್ದರು.

ಹಬ್ಬವಾಗಿ ಮೂರನೆಯ ವಾರ ಬುಬು ಲೇನಾವಿ ತೀರಿಕೊಂಡಳು. ಬೆಳಿಗ್ಗೆ ಗಂಜಿ ಕುಡಿದವಳು ಮಧ್ಯಾಹ್ನಕ್ಕಿಲ್ಲ. ಸೂತಕದ ಐದನೆಯ ದಿನ ಬಳಗವೆಲ್ಲ ಅಂಗಳದಲ್ಲಿ ಸೇರಿತ್ತು. ಅಳು ತಗ್ಗಿ, ನೆಲದೊಲೆಯಿಂದ ಲಪ್‌ಲಪ್ ತೆಗೆಯುವ ಹೊತ್ತಿಗೆ ಕಲ್ತಾಪೌ ಮೆಲ್ಲಗೆ ಹತ್ತಿರ ಬಂದ.

"ಲೇಮೌರಿ, ಅಮ್ಮನ ಧ್ವನಿ ಇದೆಯಲ್ಲ ನಿನ್ನ ಹತ್ರ. ಎಲ್ಲರೂ ಕೇಳ್ತೀವಿ. ಹಾಕು."

ಅವಳು ಹೆಮ್ಮೆಯಿಂದಲೇ ಪೆನ್ ಡ್ರೈವ್ ಚುಚ್ಚಿದಳು. ‘ಬುಬು ಲೇನಾವಿ, ದೋಣಿ’ ಎಂಬ ಹೆಸರಿನ ಮೇಲೆ ಬೆರಳಿಟ್ಟಳು. ಬೂದುಬಣ್ಣದ ಒಂದು ಚೌಕ ಬಂತು. ಧ್ವನಿಯಿಲ್ಲ. ಮತ್ತೊಮ್ಮೆ ಒತ್ತಿದಳು. ಬುಬುವಿನ ಇನ್ನೊಂದು, ಮತ್ತೊಂದು, ಐದೂ ಹಾಗೆಯೇ. ಹೆಸರಿದೆ, ಒಳಗೆ ಏನೂ ಇಲ್ಲ. ಸುತ್ತ ನೂರು ಜನ ಕೂತಿದ್ದರು.

"ಏನಾಯ್ತು?"

"ಇಲ್ಲ, ಮಾವ," ಎಂದಳು ಲೇಮೌರಿ. ಅವಳ ಜನ್ಮದಲ್ಲಿ ಆ ಮಾತು ಅಷ್ಟು ಸಣ್ಣ ದನಿಯಲ್ಲಿ ಹೊರಟದ್ದು ಅದೊಂದೇ ಸಲ. "ಬರ್ತಾ ಇಲ್ಲ."

ಕಲ್ತಾಪೌ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಪೆಟ್ಟಿಗೇಲೇ ಇರಬೇಕಿತ್ತು ಅದು," ಎಂದು ಹೇಳಿ ಎದ್ದುಹೋದ.

ಎರಡು ದಿನ ಲೇಮೌರಿ ಚಪ್ಪರದ ಕಡೆ ಹೋಗಲಿಲ್ಲ. ಮೂರನೆಯ ಬೆಳಿಗ್ಗೆ ಟ್ಯಾಬನ್ನು ಹಿಡಿದು ಕೂತು ಅರವತ್ತಮೂರನ್ನೂ ಮೊದಲಿಂದ ಕೊನೆತನಕ ಒಂದೊಂದಾಗಿ ತೆರೆದಳು. ಮೂವತ್ತಾರು ಸರಿಯಾಗಿದ್ದವು. ಮೂವತ್ತೇಳನೆಯದು ಅರ್ಧಕ್ಕೆ ಕಡಿದಿತ್ತು. ಅಲ್ಲಿಂದ ಮುಂದೆ ಎಲ್ಲ ಬೂದು ಚೌಕ. ಹಾಳಾದದ್ದು ಅಲ್ಲೊಂದು ಇಲ್ಲೊಂದಲ್ಲ; ಒಂದು ಗೆರೆ ಎಳೆದ ಹಾಗೆ ಅಲ್ಲಿಂದಾಚೆ ಪೂರ್ತಿ. ಇದು ತಾನಾಗಿ ಕೆಟ್ಟದ್ದಲ್ಲ, ಮಾರಿದವನ ಮೋಸ ಎಂದು ಅವಳಿಗೆ ಹೊಳೆಯಿತು. ಗುಡ್ಡ ಹತ್ತಿ ಯೂನಿಸ್‌ಗೆ ಫೋನ್ ಮಾಡಿದಳು.

"ಎಲ್ಲಿ ತಗೊಂಡೆ ಅದನ್ನ?"

ಯೂನಿಸ್ ದನಿ ತಗ್ಗಿಸಿ ಹೇಳಿದಳು. "ರಸ್ತೆ ಪಕ್ಕ ಚೀಲ ಹಾಸಿ ಮಾರ್ತಾರಲ್ಲ, ಅಲ್ಲಿ. ಅರ್ಧ ಬೆಲೆ ಅಂದ... ದೊಡ್ಡಮ್ಮ, ನಂಗೆ ಗೊತ್ತಿರಲಿಲ್ಲ. ಈಗ ಕೇಳಿದೆ. ಹಾಗೆ ಮಾಡ್ತಾರಂತೆ. ಮೇಲೆ ದೊಡ್ಡ ಸಂಖ್ಯೆ ಬರೀತಾರೆ, ಒಳಗೆ ಅಷ್ಟು ಜಾಗ ಇರಲ್ಲ. ತುಂಬಿದ ಮೇಲೂ ತಗೋತಾ ಇರ್ತದೆ. ಹೆಸರು ಬರ್ಕೊಳತ್ತೆ, ಮಾಲು ಚೆಲ್ಲತ್ತೆ." ಆಚೆ ಕಡೆ ಹುಡುಗಿ ಬಿಕ್ಕತೊಡಗಿದಳು.

"ಅಳಬೇಡ. ಅಳಿಸಿದ್ದು ನನ್ನ ಬೆರಳು. ಮೂರು ಮಾತ್ರ ನೋಡಿ ಅರವತ್ತೂ ಸರಿ ಅಂದ್ಕೊಂಡೆ. ನಾಳೆ ವಿಮಾನಕ್ಕೆ ಎರಡು ಚಾಪೆ ಹಾಕ್ತೀನಿ. ಮಾರು. ಒಳ್ಳೇ ಅಂಗಡೀಲಿ, ಚೀಟಿ ಕೊಡೋ ಅಂಗಡೀಲಿ, ಮೂರು ತಗೋ. ಎರಡು ಬಾಯಿ ಇರೋದು ತಗೋ. ಫೋನಿಗೂ ಹತ್ತಬೇಕು."

ಹೊಸ ಮೂರು ಬಂದಾಗ ಲೇಮೌರಿ ಅವುಗಳನ್ನು ನಂಬಲಿಲ್ಲ. ಹಬ್ಬದ ದಿನ ಕಲ್ತಾಪೌ ಮಾಡಿದ ಭಾಷಣವನ್ನೇ ಪ್ರತಿಯ ಮೇಲೆ ಪ್ರತಿಯಾಗಿ, ಇನ್ನು ಸಾಕು ಜಾಗವಿಲ್ಲ ಎಂದು ಟ್ಯಾಬ್ ಹೇಳುವ ತನಕ, ಒಂದೊಂದು ಪೆನ್ ಡ್ರೈವಿಗೂ ತುರುಕಿದಳು. ಆಮೇಲೆ ಕೊನೆಯ ಪ್ರತಿಯನ್ನು ಮೊದಲು ತೆರೆದಳು. ಕಲ್ತಾಪೌ ಎದೆ ಸೆಟೆಸಿಕೊಂಡು ಮಾತಾಡಿದ. ಎರಡನೆಯ ಪೆನ್ ಡ್ರೈವಿನಲ್ಲೂ ಮಾತಾಡಿದ, ಮೂರನೆಯದರಲ್ಲೂ.

"ದೇವ್ರೇ, ಒಬ್ಬ ಯಜಮಾನನೇ ಸಾಕಾಗಿತ್ತು. ಇಷ್ಟು ಜನಾನ ಎಲ್ಲಿ ಕೂರ್ಸೋದು?" ಎಂದಳು ಡೋರ್ಕಾಸ್.

ಲೇಮೌರಿ ಅವನ್ನೆಲ್ಲ ಒರೆಸಿ, ಉಳಿದಿದ್ದ ಮೂವತ್ತಾರನ್ನು ಮೂರರಲ್ಲೂ ಇಟ್ಟಳು. ಒಂದೇ ಮಾತು ಮೂರು ಕಡೆ. ಎಲ್ಲವನ್ನೂ ಪೂರ್ತಿ ಕೇಳಿ ನೋಡುವ ತನಕ ಬೇರೆ ಕೆಲಸ ಮುಟ್ಟಲಿಲ್ಲ. ಆಮೇಲೆ ಚಪ್ಪರಕ್ಕೆ ಹೋಗಿ ಹೆಂಗಸರ ನಡುವೆ ನಿಂತಳು.

"ಇಪ್ಪತ್ತೇಳು ಕಳೆದಿದೀನಿ. ತಪ್ಪು ನನ್ನದು. ಮತ್ತೆ ಹೇಳ್ತೀರಾ?"

ಒಬ್ಬಳು ಗರಿ ಸೀಳುತ್ತಲೇ, "ಕೂತ್ಕೋ. ನಿಂತ್ಕೊಂಡು ಕೇಳೋ ಮಾತಾ ಅದು?" ಎಂದಳು.

ಇಪ್ಪತ್ತೆರಡಕ್ಕೆ ಹೇಳಿದವರು ಇದ್ದರು, ಹೇಳಿದರು. ಕೆಲವರು ಮೊದಲಿಗಿಂತ ಚೆನ್ನಾಗಿ ಹೇಳಿದರು, ಕೆಲವರು ಮೊದಲು ಮುಚ್ಚಿಟ್ಟಿದ್ದನ್ನೂ ಹೇಳಿದರು. ಬುಬುವಿನ ಐದು ಉಳಿದವು. ಅದಕ್ಕೆ ಆರು ಜನ ಒಟ್ಟಿಗೆ ಕೂತರು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ತಿದ್ದಿದಳು. ಬುಟ್ಟಿಯಲ್ಲಿದ್ದ ಗೆಣಸಿನ ಜಾತಿ ಯಾವುದೆಂದು ಅರ್ಧ ಗಂಟೆ ಜಗಳವಾಯಿತು. ಬುಬು ಕೆಮ್ಮಿ ನಿಲ್ಲಿಸುತ್ತಿದ್ದ ಜಾಗದಲ್ಲಿ ಡೋರ್ಕಾಸ್ ಥೇಟು ಹಾಗೆಯೇ ಕೆಮ್ಮಿದಳು. ನಗು ಬಂತು, ಕೂಡಲೇ ಎಲ್ಲರ ಕಣ್ಣೂ ತುಂಬಿತು. ಅದನ್ನೂ ಲೇಮೌರಿ ತೆಗೆಯಲಿಲ್ಲ, ಹಾಗೇ ಬಿಟ್ಟಳು. ಎಲ್ಲವನ್ನೂ ಮೂರು ಪೆನ್ ಡ್ರೈವಿಗೂ ಸಾಗಿಸಿ, ಪೂರ್ತಿ ಕೇಳಿ ನೋಡಿ, ಆಮೇಲೆ ಟ್ಯಾಬಿನಿಂದ ಒರೆಸಿದಳು.

ಇದು ಮುಗಿಯುವ ಹೊತ್ತಿಗೆ ಅಬೆದ್ನೆಗೊ ಒಂದು ಕಾಗದ ಹಿಡಿದುಕೊಂಡು ಮತ್ತೆ ಬಂದ. ಕಲ್ತಾಪೌನೇ ಅವನಿಗೆ ಹೇಳಿ ಕಳಿಸಿದ್ದ. ತಾಯಿಯ ಧ್ವನಿ ಹೋಯಿತು, ಉಳಿದದ್ದಾದರೂ ಪಟ್ಟಣದ ಕಚೇರಿಯಲ್ಲಿ ಭದ್ರವಾಗಿರಲಿ ಎಂಬುದು ಅವನ ಮನಸ್ಸು. ಬೆಳಿಗ್ಗೆಯೇ ನಕಮಾಲ್ ಮುಂದಿನ ಅಂಗಳದಲ್ಲಿ ಸಭೆ ಸೇರಿತು. ಗಂಡಸರು ದೊಡ್ಡ ಆಲದ ಕೆಳಗೆ, ಹೆಂಗಸರು ಬಿಸಿಲಿನ ಕಡೆ.

ಅಬೆದ್ನೆಗೊ ಕಾಗದ ಓದಿದ. ಟ್ಯಾಬ್ ಯೋಜನೆಯ ಆಸ್ತಿ. ಅದರಲ್ಲಿ ಹಿಡಿದದ್ದೂ ಯೋಜನೆಯದೇ. ಅಪ್ಪಣೆಯಿಲ್ಲದೆ ಬೇರೆ ಯಾವುದಕ್ಕೂ ಸಾಗಿಸುವಂತಿಲ್ಲ. ಟ್ಯಾಬನ್ನೂ ಎಲ್ಲ ಪೆನ್ ಡ್ರೈವ್‌ಗಳನ್ನೂ ಒಪ್ಪಿಸತಕ್ಕದ್ದು.

ಲೇಮೌರಿ ಎದ್ದು ಬಂದು ಟ್ಯಾಬನ್ನು ಅವನ ಕೈಗಿಟ್ಟಳು. ನೀಲಿ ಕವಚವನ್ನೂ ತೊಳೆದು ತಂದಿದ್ದಳು. ಅವನು ತೆರೆದು ನೋಡಿದ.

"ಇದರಲ್ಲಿ ಹಬ್ಬದ ಭಾಷಣ ಬಿಟ್ರೆ ಏನೂ ಇಲ್ಲ!"

"ಉಳಿದದ್ದು ಅಳಿಸಿ ಅಂತ ನೀವೇ ಹೇಳಿದ್ರಲ್ಲ. ಅಳಿಸಿದೀನಿ."

ಆಲದ ಕೆಳಗೆ ಯಾರೋ ಒಬ್ಬ ಗಂಡಸು ನಕ್ಕು, ಕೂಡಲೇ ಕೆಮ್ಮಿದ.

"ಪೆನ್ ಡ್ರೈವ್ ಎಲ್ಲಿ?"

"ನನ್ನ ಅಂಗಿ ಅಂಚಲ್ಲಿ ಹೊಲ್ಕೊಂಡಿದೀನಿ," ಎಂದಳು ಡೋರ್ಕಾಸ್, ಕೂತಲ್ಲಿಂದಲೇ ತನ್ನ ಅಗಲವಾದ ನಿಲುವಂಗಿಯನ್ನು ಹರಡಿ. "ಬಾ, ಹೊಲಿಗೆ ಬಿಚ್ಚು. ಆರು ಗಜ ಅಂಚಿದೆ. ಊರೆಲ್ಲ ನೋಡ್ತಿರ್ಲಿ."

"ನನ್ನದರಲ್ಲೂ ಇದೆ," ಎಂದಳು ಇನ್ನೊಬ್ಬಳು. "ನನ್ನದರಲ್ಲೂ," ಎಂದಳು ಹಿಂದೆ ಕೂತ ಮುದುಕಿ. ಇದ್ದದ್ದು ಮೂರು, ‘ನನ್ನದರಲ್ಲಿ’ ಎಂದವರು ಹನ್ನೆರಡು.

ಕಲ್ತಾಪೌ ಕೋಲು ನೆಲಕ್ಕೆ ಕುಟ್ಟಿದ. "ಸಾಕು. ಲೇಮೌರಿ, ಇದು ತಮಾಷೆ ಅಲ್ಲ. ನಿನ್ನ ಕೈಯಲ್ಲಿ ಒಂದು ಸಲ ಹೋಯ್ತು. ಮತ್ತೆ ಹೋಗಲ್ಲ ಅಂತ ಏನು ಖಾತ್ರಿ? ಅಲ್ಲಿ ಕೊಟ್ಟರೆ ಗಟ್ಟಿ ಕಟ್ಟಡ ಇದೆ, ಬೀಗ ಇದೆ."

"ಮಾವ, ನಿಮ್ಮ ಅಮ್ಮನ ಧ್ವನಿ ಕಳೆದಿದ್ದು ನಾನು. ಅದನ್ನ ಸಾಯೋತನಕ ಹೊರ್ತೀನಿ. ಆದ್ರೆ ಒಂದು ಕೇಳ್ತೀನಿ. ಇವರು ಮೊದಲ ದಿನ ಬಂದು ಏನಂದ್ರು? ಬುಬು ಮಾತು ಹರಟೆ, ಅಳಿಸು ಅಂದ್ರು. ಕೇಳೋಕೂ ಮುಂಚೆ! ಅಂಥವರ ಬೀಗದೊಳಗೆ ಇಡ್ಲಾ? ನಾಳೆ ಅವರಿಗೂ ಜಾಗ ಸಾಲದೆ ಹೋದ್ರೆ ಮೊದಲು ಯಾರ ಮಾತು ಒರೆಸ್ತಾರೆ? ನಿಮ್ಮದಾ?"

ಅಬೆದ್ನೆಗೊ ಕಾಗದವನ್ನು ಮಡಿಚಿದ, ಮತ್ತೆ ಬಿಚ್ಚಿದ.

"ಅಲ್ಲಮ್ಮ, ಕಾನೂನು ಪ್ರಕಾರ..."

"ಬಾಯಿ ನಮ್ಮದು. ಮಾತು ನಮ್ಮ ಅಮ್ಮಂದಿರದು. ನಿಮ್ಮದು ಹಲಗೆ. ಹಲಗೆ ಕೊಟ್ಟಿದೀನಿ. ಕೇಳಬೇಕು ಅನ್ನಿಸಿದ್ರೆ ಬನ್ನಿ, ಚಪ್ಪರದಲ್ಲಿ ಜಾಗ ಇದೆ, ಗೆಣಸು ಸುಟ್ಟು ಕೊಡ್ತೀವಿ. ಒಯ್ಯೋಕೆ ಕೊಡಲ್ಲ."

ನಕಮಾಲ್‌ನ ಹಿರಿಯರು ಒಳಗೆ ಹೋಗಿ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದು ಕಲ್ತಾಪೌ ತೀರ್ಪು ಹೇಳಿದ. ಸತ್ತವರ ಧ್ವನಿಯನ್ನು ಅಜಾಗರೂಕತೆಯಿಂದ ಕಳೆದದ್ದಕ್ಕೂ, ಹಿರಿಯರ ಮಾತು ಮೀರಿದ್ದಕ್ಕೂ ಸೇರಿ ಮೂರು ಚಾಪೆ ದಂಡ. ಪೆನ್ ಡ್ರೈವ್‌ಗಳ ಸುದ್ದಿಯನ್ನು ಅವನು ಎತ್ತಲೇ ಇಲ್ಲ. ಮರೆತನೋ, ಬೇಕೆಂದೇ ಬಿಟ್ಟನೋ, ಅವನ ಮುಖದಿಂದ ಹೇಳುವಂತಿರಲಿಲ್ಲ.

"ದಂಡ ಸರಿ. ಕೊಡ್ತೀನಿ," ಎಂದಳು ಲೇಮೌರಿ.

ಮನೆಗೆ ಹೋಗಿ ಒಂದು ಚಾಪೆ ತಂದು ಅಂಗಳದ ನಡುವೆ ಹಾಸಿದಳು. ಎರಡನೆಯದನ್ನು ತರಲು ತಿರುಗುವಷ್ಟರಲ್ಲಿ ಡೋರ್ಕಾಸ್ ತನ್ನದೊಂದನ್ನು ತಂದು ಅದರ ಮೇಲೆ ಹಾಕಿದಳು. ಅದರ ಮೇಲೆ ಇನ್ನೊಬ್ಬಳು. ಮೂರಾಯಿತು. ಹೆಂಗಸರು ನಿಲ್ಲಲಿಲ್ಲ. ಮಗಳ ಮದುವೆಗೆಂದು ಸುತ್ತಿಟ್ಟಿದ್ದ ಕೆಂಪು ಚಾಪೆ ಬಂತು. ಅಟ್ಟದ ಮೇಲೆ ಹೊಗೆ ಹಿಡಿದ ಹಳೆಯದು ಬಂತು. ಹಿಂದೆ ಕೂತಿದ್ದ ಮುದುಕಿ ತಾನು ಕೂತಿದ್ದ ಚಾಪೆಯನ್ನೇ ಎಳೆದುಕೊಂಡು ಬಂದಳು. ರಾಶಿ ಮೊಣಕಾಲಿಗೆ ಬಂತು, ತೊಡೆಗೆ ಬಂತು. ಆಲದ ಕೆಳಗೆ ಗಂಡಸರು ಕತ್ತು ಚಾಚಿ ನೋಡುತ್ತಿದ್ದರು. ಕೆಲವರು ತಮ್ಮ ಮನೆಯ ಚಾಪೆಯನ್ನು ಗುರುತು ಹಿಡಿದರು. ಎಣಿಸಿದಾಗ ಮೂವತ್ತೊಂದು.

"ಮೂರು ಅಂದಿದ್ದು ನಾನು," ಎಂದ ಕಲ್ತಾಪೌ.

"ಮೂರು ಆಗಿಹೋದ ತಪ್ಪಿಗೆ, ಮಾವ. ಇಪ್ಪತ್ತೆಂಟು ಮುಂದೆ ಮಾಡೋ ತಪ್ಪಿಗೆ ಮುಂಗಡ. ಆಗಾಗ ಕರೆಸಿ ಕೇಳೋ ಕಷ್ಟ ನಿಮಗೆ ಬೇಡ."

ಮೊದಲು ನಕ್ಕವನು ಕಲ್ತಾಪೌನೇ. ತಡೆಯಲು ನೋಡಿದ, ಆಗಲಿಲ್ಲ. ಅವನ ಹೊಟ್ಟೆ ಕುಲುಕುವುದನ್ನು ನೋಡಿ ಆಲದ ಕೆಳಗಿನವರೂ ನಕ್ಕರು. ಅಬೆದ್ನೆಗೊ ಮಾತ್ರ ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ವಿಮಾನದ ಹೊತ್ತಾಯಿತೆಂದು ಎದ್ದ. ಯಾರೋ ಅವನ ಕೈಗೆ ಬಾಳೆಲೆಯಲ್ಲಿ ಕಟ್ಟಿದ ಲಪ್‌ಲಪ್ ಕೊಟ್ಟರು, ತೆಗೆದುಕೊಂಡ. ಹೋಗುವಾಗ ಲೇಮೌರಿಯ ಹತ್ತಿರ ಬಂದು, "ನಾನು ಬರೆದ ಕಾಗದ ಅಲ್ಲ ಇದು," ಎಂದ. "ಓದಿದ್ದು ನೀವೇ," ಎಂದಳು ಅವಳು.

ಟ್ಯಾಬ್ ಹೋದ ಮೇಲೂ ಮಾತು ನಿಲ್ಲಲಿಲ್ಲ. ಮೂರು ಪೆನ್ ಡ್ರೈವ್ ಮೂರು ಮನೆಯಲ್ಲಿದ್ದವು. ಊರಿನ ಹುಡುಗಿಯರ ಫೋನಿಗೆ ಚುಚ್ಚಿ ಹೆಂಗಸರು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಕಲ್ತಾಪೌ ಚಪ್ಪರದ ಹೊರಗೆ ಬಂದು ನಿಂತ. ಗಂಡಸರು ಬರುವ ಜಾಗವಲ್ಲ ಅದು. ಗರಿ ಸೀಳುತ್ತಿದ್ದ ಕೈಗಳೆಲ್ಲ ನಿಂತವು.

"ಆರು ಜನ ಸೇರಿ ಅಮ್ಮನ ಮಾತು ಹೇಳಿದೀರಂತೆ."

"ಹೌದು. ಅವರ ಧ್ವನಿ ಇಲ್ಲ, ಮಾವ. ಮಾತು ಇದೆ."

"ಕೇಳಬಹುದಾ?"

ಲೇಮೌರಿ ಒಂದು ಚಾಪೆಯ ಮೂಲೆಯನ್ನು ಕೈಯಿಂದ ಒರೆಸಿ ತೋರಿಸಿದಳು. ಅವನು ಕೋಲನ್ನು ಹೊರಗೇ ಒರಗಿಸಿ, ಬಗ್ಗಿ ಒಳಗೆ ಬಂದು ಕೂತ. ಐದನ್ನೂ ಕೇಳಿದ. ದೋಣಿಯಿಂದ ಮೊದಲು ಇಳಿದದ್ದು ಯಾರು ಎಂಬಲ್ಲಿ ಹುಬ್ಬೇರಿಸಿದ. ಕೊನೆಯದು ಮಗುವನ್ನು ಮಲಗಿಸುವ ಒಂದು ಹಾಡು. ಅದು ಮುಗಿಯುತ್ತಿದ್ದಂತೆ ಕೈ ಎತ್ತಿದ.

"ಇನ್ನೂ ಒಂದು ಸಾಲಿದೆ. ಅದನ್ನ ಅವಳು ಬೇರೆಯವರ ಮುಂದೆ ಹಾಡ್ತಿರಲಿಲ್ಲ. ನನ್ನ ಹೆಸರಿದೆ ಅದರಲ್ಲಿ."

ಲೇಮೌರಿ ಫೋನನ್ನು ಅವನ ಎದುರಿಗೆ ಹಿಡಿದಳು. ಅರವತ್ತು ದಾಟಿದ ಆ ದೊಡ್ಡ ಮನುಷ್ಯ ಹಾಡಲು ಹೋಗಿ ಎರಡು ಸಲ ತಡವರಿಸಿದ. ಮೂರನೆಯ ಸಲ ಒಡಕು ದನಿಯಲ್ಲಿ ಹಾಡಿದ. ಚಪ್ಪರದಲ್ಲಿ ಒಬ್ಬರೂ ನಗಲಿಲ್ಲ, ಡೋರ್ಕಾಸ್ ಕೂಡ.

ಆ ವರ್ಷ ಗಂಡ ಆಸ್ಟ್ರೇಲಿಯಾದಿಂದ ಬರುವಾಗ ಲೇಮೌರಿಗೆ ಒಂದು ಹಳೆಯ ಟ್ಯಾಬ್ ತಂದ. ಮೂಲೆಯಲ್ಲಿ ಗಾಜು ಸೀಳಿತ್ತು. ಜಾಗ ಮೊದಲಿನದಕ್ಕಿಂತ ಕಡಿಮೆ. ಅವಳು ಅದರ ಚಿಂತೆ ಬಿಟ್ಟಿದ್ದಾಳೆ. ತುಂಬಿದ ಹಾಗೆ ಸಾಗಿಸುತ್ತಾಳೆ, ಪೂರ್ತಿ ಕೇಳಿ ನೋಡುತ್ತಾಳೆ, ಆಮೇಲಷ್ಟೇ ಒರೆಸುತ್ತಾಳೆ. ಈಗ ಒಂಬತ್ತು ಪೆನ್ ಡ್ರೈವ್ ಇವೆ. ಪಕ್ಕದ ಎರಡು ಊರಿನ ಹೆಂಗಸರು ತಮ್ಮವನ್ನು ತಾವೇ ತಂದುಕೊಂಡು ನಡೆದು ಬರುತ್ತಾರೆ. ಕಚೇರಿಯಿಂದ ಎರಡು ಕಾಗದ ಬಂದವು. ಎರಡಕ್ಕೂ ಅವಳು ಒಂದೇ ಪದದ ಉತ್ತರ ಬರೆದಳು.

ಕಳೆದ ತಿಂಗಳಿಂದ ಹೆರಿಗೆಯ ಹೊತ್ತಿನಲ್ಲಿ ಹೆಂಗಸರಷ್ಟೇ ಹಾಡುವ ಹಳೆಯ ಹಾಡುಗಳನ್ನು ಸೇರಿಸಲು ಶುರುಮಾಡಿದ್ದಾಳೆ. ಅವು ಪೂರ್ವಕಾಲದವು, ಚರ್ಚಿಗೆ ಸಲ್ಲದವು ಎಂದು ಪಾದ್ರಿಗಳಿಗೆ ಅಸಮಾಧಾನ. ಶನಿವಾರ ಬಂದು ಕಾಣಬೇಕೆಂದು ಹೇಳಿ ಕಳಿಸಿದ್ದಾರೆ. ಹೋಗುತ್ತಾಳಂತೆ. ಗುರುವಾರದೊಳಗೆ ಉಳಿದ ನಾಲ್ಕು ಹಾಡನ್ನೂ ಟ್ಯಾಬಿಗೆ ಹಿಡಿದು ಮುಗಿಸಿಕೊಂಡು.